ಎರಡು ಡಬ್ಬಿ ಮಳಿ

ಮಿರಜ
19-6-1978

ಚಿ. ಶಾಲನವ್ವಳಿಗೆ,

ಪತ್ರ ಬರೆಯುವುದು ನನ್ನ ಕೆಲಸವಲ್ಲ. ಮೂರನೆಯ ಇಯತ್ತೆಗೆ ಕನ್ನಡ ಶಾಲೆ ಬಿಟ್ಟವನ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಕೊಟ್ಟು ಕೂರಿಸಿದ್ದಾಳೆ ನನ್ನ ಹೆಂಡತಿ, ನಿನ್ನ ಕಾಕು ಸಾತವ್ವ. “ಇಲ್ಲಿ ಕುಂತು ಒದರಿದ್ರ ಮಂಡ್ಯಾಕ ಕೇಳಸ್ತೈತೇನ್ರಿ? ಬರೀರಿ,” ಎನ್ನುತ್ತಾಳೆ. ಬೇರೆಯವರಿಂದ ಬರೆಸೋಣವೆಂದರೆ ನಮ್ಮ ಓಣಿಯಲ್ಲಿ ಕನ್ನಡ ಮಾತಾಡುವವರು ಮೂವತ್ತು ಮಂದಿ, ಬರೆಯುವವರು ಒಬ್ಬರೂ ಇಲ್ಲ. ಎಲ್ಲರದೂ ಮರಾಠಿ ಶಾಲೆ. ನಲವತ್ತು ವರ್ಷ ಲಗಾಮು ಹಿಡಿದು ನೋಯದ ಬೆರಳು ನಾಲ್ಕು ಸಾಲಿಗೇ ನೋಯುತ್ತಿವೆ. ಅಕ್ಷರ ತಿಳಿಯದಿದ್ದರೆ ಎರಡು ಸಲ ಓದು.

ಮರೆತಿದ್ದರೆ ನೆನಪು ಮಾಡಿಕೋ. ಮಿರಜಿನಲ್ಲಿ ನಿನ್ನ ಅವ್ವನ ತಂಗಿ ಮಾವಶಿಯ ಮನಿಯಿಂದ ನಿನ್ನನ್ನು ಆರು ವರ್ಷ ಟಾಂಗಾದಲ್ಲಿ ಶಾಲೆಗೆ ಒಯ್ದವನು ನಾನು. ನೀನು ದನದ ಡಾಕ್ಟರಾಗಿ ಮೈಸೂರು ಸೀಮೆ ಸೇರಿದ್ದೀ ಎಂದು ಮ್ಹೈಸಾಳದಲ್ಲಿ ನಿನ್ನ ಅಪ್ಪ ಬಾಬಾಸಾಹೇಬರು ಹೇಳಿ ವಿಳಾಸ ಕೊಟ್ಟರು.

ಸಂಗತಿ ಇಷ್ಟು. ನನ್ನ ಕುದುರೆ ಮೈನಾ. ಏಳು ವರ್ಷದ ಹೆಣ್ಣು, ಕೆಂಪು ಮೈ. ವಾರದ ಮೇಲಾಯಿತು, ಕುತ್ತಿಗೆಯ ಮೇಲೆ, ಎರಡೂ ಪಕ್ಕೆಯ ಮೇಲೆ, ರೂಪಾಯಿಯಷ್ಟು ಅಗಲ ಗಂಧೆ ಎದ್ದಿವೆ. ತುರಿಕೆ ತಡೆಯದೆ ಕಂಬಕ್ಕೆ ತಿಕ್ಕಿ ತಿಕ್ಕಿ ಕತ್ತಿನ ಮೇಲಿನ ಆಯಾಲಿನ ಕೂದಲು, ಬಾಲದ ಬುಡದ ಕೂದಲು ಉದುರಿಸಿಕೊಂಡಿದ್ದಾಳೆ. ಇಲ್ಲಿಯ ದನದ ಡಾಕ್ಟರ ಇದು ಕಜ್ಜಿ ಎಂದು ಗಂಧಕದ ಮುಲಾಮು ಕೊಟ್ಟ. ಗುಣವಾಗಲಿಲ್ಲ. ಹಾಗೆಂದು ನಾನು ಅವನ ಮೋರೆಯ ಮೇಲೆಯೇ ಅಂದೆ. ಈಗ ಅವನೂ ನಾನೂ ಮಾತಾಡುವುದಿಲ್ಲ.

ಕಜ್ಜಿ ಎಂಬ ಮಾತು ಸ್ಟೇಷನ್ ಮುಂದಿನ ಟಾಂಗಾ ಸ್ಟ್ಯಾಂಡಿಗೆ ಹೋಗಿ ಮುಟ್ಟಿತು. ಸಿದರಾಯ ಅಂತ ಒಬ್ಬ ಇದ್ದಾನೆ, ಅವನ ಗಾಡಿ ನನ್ನ ಹಿಂದೆ ನಿಲ್ಲುತ್ತದೆ. “ಜಟ್ಟೆಪ್ಪಣ್ಣ, ನಿನ್ನ ಕುದುರಿ ಅತ್ತಾಗ ಕಟ್ಟು. ನಮ್ಮವಕ್ಕ ಹತ್ತಿದ್ರ ಯಾರ್ ಜವಾಬ್ದಾರ?” ಎಂದ. ಇಪ್ಪತ್ತೆಂಟು ವರ್ಷ ಮೊದಲನೆಯ ಜಾಗದಲ್ಲಿ ನಿಂತವನು ನಾನು. ಈಗ ಬೇವಿನ ಮರದ ಆಚೆ ನಿಲ್ಲುತ್ತಿದ್ದೇನೆ.

ಆಗಸ್ಟ್ ಇಪ್ಪತ್ತೊಂದಕ್ಕೆ ಟಾಂಗಾ ಕುದುರೆಗಳ ತಪಾಸಣೆ. ಅಂಟುರೋಗ ಎಂದು ಬರೆದರೆ ಪರವಾನಗಿಯ ಬಿಲ್ಲೆ ಕಿತ್ತುಕೊಳ್ಳುತ್ತಾರೆ. ಬಿಲ್ಲೆ ಹೋದರೆ ಟಾಂಗಾ ಹೋಯಿತು. ಇದು ಕಜ್ಜಿ ಅಲ್ಲ, ನನಗೆ ಗೊತ್ತು. ಏನು ಎಂದು ನೀನು ಹೇಳು. ಬೇಗ ಹೇಳು.

ಜಟ್ಟೆಪ್ಪ


ಮಂಡ್ಯ
26-6-1978

ಜಟ್ಟೆಪ್ಪ ಕಾಕಾ ಅವರಿಗೆ ನಮಸ್ಕಾರಗಳು.

ನಿಮ್ಮನ್ನು ಮರೆಯುವುದುಂಟೆ? ಗಾಡಿಯ ಹಿಂದೆ ಜೋತುಬಿದ್ದ ನನ್ನ ಚೀಲವನ್ನು ಎರಡು ಸಲ ರಸ್ತೆಯಲ್ಲಿ ಬೀಳಿಸಿ, ಎರಡೂ ಸಲ ನನ್ನನ್ನೇ ಬೈದವರು ನೀವು.

ಮೈನಾಳದು ಕಜ್ಜಿಯಲ್ಲ ಎಂದು ನನಗೂ ಅನಿಸುತ್ತದೆ. ಕಜ್ಜಿಯಲ್ಲಿ ಚರ್ಮ ದಪ್ಪವಾಗಿ ಹೊಪ್ಪಳಿಕೆ ಬೀಳುತ್ತದೆ, ಹೀಗೆ ಗಂಧೆ ಏಳುವುದಿಲ್ಲ. ಅವಳ ಮೈಗೆ ಒಗ್ಗದ ಯಾವುದೋ ಒಂದು ವಸ್ತು ತಗಲುತ್ತಿದೆ. ಅದು ಹೊಟ್ಟೆಗೆ ಹೋಗುವುದಿರಬಹುದು, ಮೈಗೆ ಮುಟ್ಟುವುದಿರಬಹುದು, ಕಚ್ಚುವ ಹುಳ ಇರಬಹುದು. ಅದನ್ನು ಹುಡುಕಬೇಕು. ಇದಕ್ಕೆ ಉತ್ತರ ಬರೆಯಿರಿ: ಸರಿಯಾಗಿ ಯಾವಾಗ ಶುರುವಾಯಿತು? ಏನೇನು ತಿನ್ನಿಸುತ್ತೀರಿ? ಕಾಕಂಬಿ ಕೊಡುತ್ತೀರಾ? ಮೈ ತೊಳೆಯಲು ಹೊಸ ಸಾಬೂನು, ತಡಿಯ ಕೆಳಗೆ ಹೊಸ ಕಂಬಳಿ, ಚರ್ಮಕ್ಕೆ ಹೊಸ ಎಣ್ಣೆ? ಹತ್ತಿರ ನಿಂತ ನೀರು ಇದೆಯೇ?

ಇಲ್ಲಿ ನಮ್ಮ ದವಾಖಾನೆಗೆ ಎಲ್ಲ ತರಹದ ಪ್ರಾಣಿಗಳೂ ಬರುತ್ತವೆ. ಚಿಂತೆ ಮಾಡಬೇಡಿ.

ನಿಮ್ಮ
ಶಾಲನ


ಮಿರಜ
3-7-1978

ಚಿ. ಶಾಲನವ್ವಳಿಗೆ,

ಒಂದು ಕೇಳಿದರೆ ಹತ್ತು ಕೇಳುತ್ತೀ. ಕಾರ್ಡಿನಲ್ಲಿ ಹಿಡಿಸುವಷ್ಟು ಬರೆಯುತ್ತೇನೆ.

ಸಾಬೂನು ನಾನೇ ಹಚ್ಚಿಕೊಳ್ಳುವುದಿಲ್ಲ, ಕುದುರೆಗೆ ಎಲ್ಲಿಯದು? ಕಂಬಳಿ ಹಳೆಯದು. ಎಣ್ಣೆ ಹಳೆಯದು. ಕಾಕಂಬಿ ಕೊಡುತ್ತೀರಾ ಎಂದು ಕೇಳಿದ್ದೀ. ಗಾಣದ ಮನಿಯ ಕಾಕಂಬಿ ಕಣ್ಣಿಂದ ಕಂಡು ಎರಡು ವರ್ಷವಾಯಿತು. ಸಿಕ್ಕರೆ ರೊಟ್ಟಿಗೆ ಹಚ್ಚಿಕೊಂಡು ನಾನು ತಿಂದೇನು. ಕುದುರೆಗೆ ಯಾಕೆ ಸುರಿಯಲಿ? ಒಂದು ಹನಿ ಕೊಟ್ಟಿಲ್ಲ.

ಯಾವಾಗ ಶುರುವಾಯಿತು ಎಂದರೆ, ಮೃಗ ನಕ್ಷತ್ರ ಹೊಕ್ಕ ಎರಡನೆಯ ದಿನಕ್ಕೆ ಮಳಿ ಶುರುವಾಯಿತು. ಮಳಿ ಶುರುವಾದ ಮೂರನೆಯ ದಿನಕ್ಕೆ ಗಂಧೆ ಎದ್ದವು. ಅದರ ಮುಂಚೆ ಮೈ ಕನ್ನಡಿ ಇತ್ತು. ಇದನ್ನು ಸರಿಯಾಗಿ ಓದು. ನನಗೆ ಸಂಶಯ ಮಳಿಯ ಮೇಲೆಯೇ ಇದೆ. ಆದರೆ ಡಾಕ್ಟರು ನೀನು, ನಾನಲ್ಲ.

ತಿನ್ನಲಿಕ್ಕೆ ಜೋಳದ ಕಣಿಕಿ, ಗೋಧಿಯ ಹೊಟ್ಟು, ನೆನೆಸಿದ ಕಡಲೆ. ಮಳಿಯ ಸಂಗತಿ ಮೇಲೆ ಬರೆದಿದ್ದೇನೆ, ಮತ್ತೆ ಮತ್ತೆ ಬರೆಯುವುದಿಲ್ಲ. ಕಾರ್ಡು ಬಾಯಿ ತೆರೆದದ್ದು, ಟಪಾಲಿನವನು ಓದುತ್ತಾನೆ.

ನಿಂತ ನೀರು ಮನಿಯ ಹಿಂದೆ ಇದೆ. ಮಿರಜಿನಲ್ಲಿ ಯಾರ ಮನಿಯ ಹಿಂದೆ ಇಲ್ಲ?

ಜಟ್ಟೆಪ್ಪ


ಮಂಡ್ಯ
10-7-1978

ಜಟ್ಟೆಪ್ಪ ಕಾಕಾ ಅವರಿಗೆ ನಮಸ್ಕಾರಗಳು.

ನಿಮ್ಮ ಕಾರ್ಡು ಓದಿದ ಕೂಡಲೇ ಗಂಟು ಬಿಚ್ಚಿತು. ಮಳೆಗಾಲ, ಮನೆಯ ಹಿಂದೆ ನಿಂತ ನೀರು, ಆಯಾಲು ಮತ್ತು ಬಾಲದ ಬುಡ ತಿಕ್ಕುವುದು. ಇದು ನುಸಿಯ ಕೆಲಸ. ಸೊಳ್ಳೆಗಿಂತ ಚಿಕ್ಕದು, ನಮ್ಮ ಕಡೆ ಚಿಲಟ ಎನ್ನುತ್ತಾರಲ್ಲ, ಅದೇ. (ನೋಡಿ, ಊರ ಮಾತು ಮರೆತಿಲ್ಲ.) ಕೆಲವು ಕುದುರೆಗಳಿಗೆ ಅದರ ಕಡಿತ ಒಗ್ಗುವುದಿಲ್ಲ. ಒಂದು ಕಚ್ಚಿದರೆ ಮೈಯೆಲ್ಲ ಏಳುತ್ತದೆ. ಪುಸ್ತಕದಲ್ಲಿ ಇದ್ದಹಾಗೆಯೇ ಇದೆ.

ನಿಮ್ಮ ಸಂಶಯಕ್ಕೆ ನಿಮ್ಮ ಮಾತಿನಲ್ಲೇ ಉತ್ತರ ಹೇಳುತ್ತೇನೆ: ಮಳಿಗೆ ಹೆದರಬೇಡಿ ಕಾಕಾ. ಮಳಿಯಿಂದ ಕುದುರೆಗೆ ಏನೂ ಆಗುವುದಿಲ್ಲ. ತಪ್ಪು ಮಳಿಯದಲ್ಲ, ನುಸಿಯದು.

ಬೆಳಗಿನ ಜಾವ ಮತ್ತು ಸಂಜೆ ಅವಳನ್ನು ಹೊರಗೆ ಕಟ್ಟಬೇಡಿ. ಕೊಟ್ಟಿಗೆಗೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ, ಬೇವಿನ ಸೊಪ್ಪಿನ ಹೊಗೆ ಹಾಕಿ. ಆಯಾಲಿಗೆ ಬೇವಿನ ಎಣ್ಣೆ ಸವರಿ. ಹದಿನೈದು ದಿನದಲ್ಲಿ ಮೈನಾಳನ್ನು ಗುರುತು ಹಿಡಿಯಲಾರಿರಿ.

ನಿಮ್ಮ
ಶಾಲನ


ಮಿರಜ
17-7-1978

ಚಿ. ಶಾಲನವ್ವಳಿಗೆ,

ನೀನು ಹೇಳಿದ್ದೆಲ್ಲ ಮಾಡಿದೆ. ಸಾಂಗಲಿಗೆ ಹೋಗಿ ಪರದೆಯ ಬಟ್ಟೆ ತಂದು ಕೊಟ್ಟಿಗೆಗೆ ಕಟ್ಟಿದೆ. ಓಣಿಯ ಹೆಂಗಸರು ಸಾಲು ಹಚ್ಚಿ ನೋಡಿಹೋದರು. ಸ್ಟ್ಯಾಂಡಿನಲ್ಲಿ ಸಿದರಾಯ, “ಕುದುರಿಗಿ ಮಚ್ಛರದಾಣಿ ಕಟ್ಟಿಯಂತಲ್ಲೋ, ಬಾಣಂತಿ ಏನದು? ತೊಟ್ಲಾ ಯಾವಾಗ?” ಎಂದು ಎಲ್ಲರ ಮುಂದೆ ಕೇಳಿದ. ಚಾಬೂಕು ಕೈಯಲ್ಲಿತ್ತು. ಸುಮ್ಮನೆ ಬಂದೆ. ಹಾಗೆ ಸುಮ್ಮನೆ ಬಂದದ್ದು ನನಗೇ ಆಶ್ಚರ್ಯ.

ಬೇವಿನ ಹೊಗೆಗೆ ಸಾತವ್ವ ಮೂರು ದಿನ ಕೆಮ್ಮಿದಳು. “ಕುದುರಿ ಬದುಕ್ತೈತಿ, ನಾ ಸಾಯ್ತೇನಿ. ಆಮ್ಯಾಲ ಅದರ ಕೈಲೇ ರೊಟ್ಟಿ ಬಡಿಸ್ಕೋರಿ,” ಎಂದಳು.

ಮೈನಾಗೆ ಏನೂ ಫರಕಿಲ್ಲ. ಒಂದು ಮಾತು ಮಾತ್ರ ಇದೆ. ನಡುವೆ ನಾಲ್ಕು ದಿನ ಮಳಿ ನಿಂತಿತ್ತು. ಗಂಧೆ ಇಳಿದವು. ಐದನೆಯ ದಿನ ಮತ್ತೆ ಮಳಿ ಬಂತು, ಮರುದಿನವೇ ಗಂಧೆ ಬಂದವು. ನಿನ್ನ ಪತ್ರ ಕೈಯಲ್ಲಿ ಇರದಿದ್ದರೆ ನಾನು ಮಳಿಯನ್ನೇ ಹಿಡಿಯುತ್ತಿದ್ದೆ. ಮಳಿಯಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರೇ ಬರೆದ ಮೇಲೆ ನಾನು ಯಾರು ಕೇಳಲಿಕ್ಕೆ? ಆ ಸಂಶಯ ಬಿಟ್ಟಿದ್ದೇನೆ.

ತಪಾಸಣೆಗೆ ಐದು ವಾರ ಉಳಿದಿದೆ. ಪುಸ್ತಕ ಮತ್ತೊಮ್ಮೆ ತೆಗೆ.

ಜಟ್ಟೆಪ್ಪ


ಮಂಡ್ಯ
22-7-1978

ಜಟ್ಟೆಪ್ಪ ಕಾಕಾ,

ನಿಮಗೆ ಗೊತ್ತಿಲ್ಲದೆಯೇ ನೀವು ನನ್ನ ಮಾತಿಗೆ ಸಾಕ್ಷಿ ಕೊಟ್ಟಿದ್ದೀರಿ. ಮಳೆ ನಾಲ್ಕು ದಿನ ನಿಂತಾಗ ನುಸಿ ಕಡಿಮೆಯಾಯಿತು, ಗಂಧೆ ಇಳಿದವು. ಮಳೆ ಬಂದಾಗ ನುಸಿ ಬಂತು. ಇದಕ್ಕಿಂತ ಇನ್ನೇನು ಬೇಕು? ಪರದೆಯಲ್ಲಿ ಎಲ್ಲೋ ಸಂದು ಉಳಿದಿರಬೇಕು.

ಒಂದೇ ಉಪಾಯ. ಅವಳನ್ನು ನೀರು ನಿಲ್ಲದ ಒಣ ಜಾಗಕ್ಕೆ ಹತ್ತು ದಿನ ಒಯ್ದು ಕಟ್ಟಿ. ಸುತ್ತ ಗೋಡೆ, ಕೆಳಗೆ ಕಲ್ಲು ಹಾಸು ಇರುವ ಜಾಗ. ತಿನ್ನಿಸುವುದರಲ್ಲಿ ಏನೂ ಬದಲಾಯಿಸಬೇಡಿ. ಜಾಗ ಒಂದನ್ನೇ ಬದಲಾಯಿಸಿದರೆ ಕಾರಣ ತಾನಾಗಿ ಗೊತ್ತಾಗುತ್ತದೆ.

ಶಾಲನ


ಮಿರಜ
29-7-1978

ಶಾಲನವ್ವ,

ಇದು ಕಾರ್ಡಲ್ಲ, ಲಕೋಟೆ. ಬಯ್ಯುವುದು ಬಹಳ ಇದೆ.

ಮಾಧವನಗರದಲ್ಲಿ ಸಾತವ್ವನ ತಂಗಿ ನೀಲಗಂಗವ್ವ ಇದ್ದಾಳೆ. ಅವಳ ಗಂಡ ಬಟ್ಟೆ ಗಿರಣಿಯ ಗೋದಾಮು ಕಾಯುತ್ತಾನೆ. ಗೋದಾಮಿನ ಹಿಂದೆ ಕಲ್ಲು ಹಾಸಿದ ಅಂಗಳ, ನಾಲ್ಕೂ ಕಡೆ ಗೋಡೆ, ನೆಲ ಒಣಗಿ ಖಣಖಣ. ಅಲ್ಲಿಗೆ ಒಯ್ದೆ. ಮೂರು ದಿನ ಟಾಂಗಾ ಹೂಡಲಿಲ್ಲ. ನುಸಿ ಹೋಗಲಿ, ಒಂದು ನೊಣ ಇರಲಿಲ್ಲ.

ತಿನ್ನಿಸುವುದರಲ್ಲಿ ಬದಲು ಮಾಡಬೇಡ ಎಂದಿದ್ದೀ. ಮಾಡಲಿಲ್ಲ. ಕಣಿಕಿಯ ಕಟ್ಟು, ಹೊಟ್ಟಿನ ಚೀಲ, ಕಡಲೆ, ಎರಡು ಡಬ್ಬಿ ಮಳಿ, ಎಲ್ಲ ಗಾಡಿಯಲ್ಲಿ ಹಾಕಿಕೊಂಡು ಹೋದೆ. ಪರಸ್ಥಳದಲ್ಲಿ ಸೊರಗಬಾರದು ಎಂದು ಮಳಿ ತುಸು ಜಾಸ್ತಿಯೇ ಕಲಸಿ ಹಾಕಿದೆ.

ಮೂರನೆಯ ದಿನ ಹೊಟ್ಟೆಯ ಕೆಳಗೂ ಗಂಧೆ ಎದ್ದವು. ಕಣ್ಣಿನ ರೆಪ್ಪೆ ಬಾತವು. ನೀಲಗಂಗವ್ವ ನೋಡಿ, “ಮಾವ, ಇದನ್ನ ತಗೊಂಡ್ ಹೋಗ್ರಿ. ನನಗ ನೋಡಾಕ ಆಗೂದಿಲ್ಲ,” ಎಂದು ಅತ್ತಳು. ಮೈನಾ ಗೋಡೆಗೆ ಮೈ ತಿಕ್ಕಿ ತಿಕ್ಕಿ ಗೋಡೆಗೆ ರಕ್ತ ಹಚ್ಚಿದಳು.

ನುಸಿ ಎಲ್ಲಿತ್ತು, ಹೇಳು. ನಿನ್ನ ಪುಸ್ತಕದಲ್ಲಿತ್ತೇ?

ಜಟ್ಟೆಪ್ಪ


ಮಂಡ್ಯ
3-8-1978

ಜಟ್ಟೆಪ್ಪ ಕಾಕಾ,

ಮಳೆಯನ್ನು ಯಾರೂ ಡಬ್ಬಿಯಲ್ಲಿ ಒಯ್ಯುವುದಿಲ್ಲ.

ನಿಮ್ಮ ಪತ್ರದ ಆ ಸಾಲು ಓದಿ ನಾನು ಎದ್ದು ನಿಂತೆ. ಮತ್ತೆ ಕುಳಿತು ನಿಮ್ಮ ಎಲ್ಲ ಪತ್ರಗಳನ್ನೂ ಮೊದಲಿನಿಂದ ಓದಿದೆ. ಮಳಿ ಶುರುವಾಯಿತು, ಮಳಿ ನಿಂತಿತು, ಮಳಿ ಬಂತು. ಸಕ್ಕರೆ ಕಾರಖಾನೆಯ ಮಳಿ. ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ನಾನು ಮೊದಲ ಪತ್ರದಲ್ಲಿ ಕಾಕಂಬಿ ಎಂದು ಕೇಳಿದ್ದು ಅದನ್ನೇ. ಇಲ್ಲಿ ಅದಕ್ಕೆ ಕಾಕಂಬಿ ಎನ್ನುತ್ತಾರೆ. ನೀವು ರೊಟ್ಟಿಗೆ ಹಚ್ಚಿಕೊಳ್ಳುವ ಬೆಲ್ಲದ ಪಾಕ ಎಂದುಕೊಂಡಿರಿ. ನೀವು ಮಳಿ ಎಂದು ಬರೆದದ್ದನ್ನು ನಾನು ಆಕಾಶದಿಂದ ಬೀಳುವ ಮಳೆ ಎಂದುಕೊಂಡೆ. ಮ್ಹೈಸಾಳದಲ್ಲಿ ಹುಟ್ಟಿದವಳು ನಾನು! ಮಳಿಯ ಟ್ಯಾಂಕರ್ ಹೋದ ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ನಡೆದವಳು. ಊರ ಮಾತು ಮರೆತಿಲ್ಲ ಎಂದು ಕೊಚ್ಚಿಕೊಂಡು, ನಿಮ್ಮ ಮಾತಿನಲ್ಲೇ “ಮಳಿಗೆ ಹೆದರಬೇಡಿ” ಎಂದು ಬರೆದು, ನೀವು ನಿಲ್ಲಿಸಬೇಕೆಂದಿದ್ದನ್ನು ನಾನೇ ಮುಂದುವರಿಸಿದೆ.

ಇನ್ನೊಂದು ಹೇಳಬೇಕು. ನಾನು ಇಲ್ಲಿ ನೋಡುವುದು ಎಮ್ಮೆ, ಆಕಳು, ಕುರಿ. ಒಂಟಿಯಾಗಿ ಒಂದು ಕುದುರೆಗೂ ಔಷಧ ಕೊಟ್ಟಿಲ್ಲ. ಗಂಧೆ ಪಕ್ಕೆಯ ಮೇಲೆ ಎಂದು ನೀವು ಮೊದಲೇ ಬರೆದಿದ್ದಿರಿ. ನುಸಿಯದಾದರೆ ಮೊದಲು ಆಯಾಲು, ಬೆನ್ನು, ಬಾಲ. ನಾನು ಬಾಲ ಓದಿ ಪಕ್ಕೆ ಬಿಟ್ಟೆ.

ಇವತ್ತೇ ಮಳಿ ನಿಲ್ಲಿಸಿ. ಹೊಟ್ಟು, ಕಡಲೆಯನ್ನೂ ನಿಲ್ಲಿಸಿ. ಐದು ದಿನ ಬರೀ ಜೋಳದ ಕಣಿಕೆ, ನೀರು. ಮೈ ತಿಳಿಯಾದ ಮೇಲೆ ಕಡಲೆ ಸೇರಿಸಿ, ಮೂರು ದಿನ ನೋಡಿ. ಆಮೇಲೆ ಹೊಟ್ಟು, ಮೂರು ದಿನ ನೋಡಿ. ಯಾವುದರಿಂದಲೂ ಏಳದಿದ್ದರೆ ಕೊನೆಗೆ ಒಂದು ಹಿಡಿ ಹೊಟ್ಟಿಗೆ ಎರಡು ಚಮಚ ಮಳಿ ಹಾಕಿ ಕೊಡಿ. ಎದ್ದರೆ ಕಾರಣ ಸಿಕ್ಕಿತು.

ಶಾಲನ


ಮಿರಜ
12-8-1978

ಶಾಲನವ್ವ,

ಕುದುರೆ ನೋಡಿಲ್ಲ ಎಂದು ಮೊದಲನೆಯ ಪತ್ರದಲ್ಲೇ ಬರೆಯಬೇಕಿತ್ತು. ಎಲ್ಲ ತರಹದ ಪ್ರಾಣಿಗಳಂತೆ! ನಾನು ಬೈಯುತ್ತಿದ್ದೆ, ಆದರೆ ನಿನ್ನನ್ನೇ ಕೇಳುತ್ತಿದ್ದೆ. ಇಲ್ಲಿ ಕುದುರೆ ನೋಡಿದವನು ಏನು ಕಿಸಿದ?

ತಪ್ಪು ನನ್ನದೂ ಇದೆ, ಅದನ್ನು ಒಮ್ಮೆ ಬರೆಯುತ್ತೇನೆ, ಎರಡನೆಯ ಸಲ ಕೇಳಬೇಡ. ನಮ್ಮಲ್ಲಿ ಮೇಲಿಂದ ಬೀಳುವುದೂ ಮಳಿ, ಕಾರಖಾನೆಯಿಂದ ಬರುವುದೂ ಮಳಿ. ಬಿಡಿಸಿ ಬರೆಯಬಹುದಿತ್ತು. ಆದರೆ ಅದು ಗೇಟ್ ಪಾಸ್ ಇಲ್ಲದೆ ಹೊರಗೆ ಬರುವ ಮಾಲಲ್ಲ. ಟ್ಯಾಂಕರ್ ನಡೆಸುವ ಒಬ್ಬ ಗೆಳೆಯ ತಳದಲ್ಲಿ ಉಳಿದದ್ದನ್ನು ಡಬ್ಬಿಗೆ ಬಸಿದು ಕೊಡುತ್ತಾನೆ. ಅವನು ನಾಲ್ಕು ದಿನ ಊರಿಗೆ ಹೋಗಿದ್ದ, ಆಗಲೇ ಮಳಿ ನಿಂತದ್ದು. ತೆರೆದ ಕಾರ್ಡಿನ ಮೇಲೆ ಇದನ್ನೆಲ್ಲ ಹೇಗೆ ಬರೆಯಲಿ? ಒಂದು ಮಾತು ಬರೆದರೆ ಊರ ಹುಡುಗಿಗೆ ತಿಳಿಯುತ್ತದೆ ಎಂದುಕೊಂಡೆ. ಕುದುರೆಯ ಮೈಗೆ ಹೊಳಪು ಬರುತ್ತದೆ ಎಂದು ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದರು. ಬಂದ ಹೊಳಪು ನೋಡಿದೆಯಲ್ಲ.

ಈಗ ಕೇಳು. ನಿನ್ನ ಪತ್ರ ಬಂದದ್ದು ಏಳನೆಯ ತಾರೀಖು. ಅವತ್ತೇ ಎಲ್ಲ ನಿಲ್ಲಿಸಿದೆ. ಮೂರನೆಯ ದಿನಕ್ಕೆ ತುರಿಕೆ ಹೋಯಿತು. ಇವತ್ತು ಕೈ ಆಡಿಸಿದರೆ ಒಂದು ಗಂಧೆ ಸಿಗುವುದಿಲ್ಲ. ಆಯಾಲಿನ ಬುಡದಲ್ಲಿ ಸಣ್ಣ ಕೂದಲು ಮುಳ್ಳಿನ ಹಾಗೆ ಬರುತ್ತಿವೆ. ಸಾತವ್ವ ದಿನಕ್ಕೆ ಮೂರು ಸಲ ಹೋಗಿ ಮುಟ್ಟಿ ಬರುತ್ತಾಳೆ. ಕಡಲೆ, ಹೊಟ್ಟು ನೀನು ಹೇಳಿದ ಹಾಗೆ ಒಂದೊಂದಾಗಿ ಕೊಡುತ್ತೇನೆ.

ಆದರೆ ಮಳಿ ಮತ್ತೆ ಕೊಡುವುದಿಲ್ಲ. ಗುಣವಾದ ಕುದುರೆಗೆ ಮತ್ತೆ ಅದೇ ವಿಷ ಹಾಕು ಎನ್ನುತ್ತೀಯಲ್ಲ, ನಿನಗೆ ತಲೆ ನೆಟ್ಟಗಿದೆಯೇ? ಇಪ್ಪತ್ತೊಂದಕ್ಕೆ ತಪಾಸಣೆ. ನುಣ್ಣಗಿನ ಮೈ ತೋರಿಸಿ ಬಿಲ್ಲೆ ತರುತ್ತೇನೆ, ಮುಗಿಯಿತು.

ಜಟ್ಟೆಪ್ಪ


ಮಂಡ್ಯ
16-8-1978

ಜಟ್ಟೆಪ್ಪ ಕಾಕಾ,

ಮುಗಿಯುವುದಿಲ್ಲ. ಸ್ಟ್ಯಾಂಡಿನಲ್ಲಿ ಎಲ್ಲರೂ ಎರಡು ತಿಂಗಳು ಅವಳ ಮೈ ನೋಡಿದ್ದಾರೆ. ನಿಮ್ಮ ಸಿದರಾಯ ಸುಮ್ಮನಿರುತ್ತಾನೆಯೇ? “ಕಜ್ಜಿ ಇತ್ತು, ಮುಚ್ಚಿ ತಂದಿದ್ದಾನೆ” ಎಂದು ತಪಾಸಣೆಯಲ್ಲೇ ಕೂಗಿದರೆ ನುಣ್ಣಗಿನ ಮೈ ಏನು ಉತ್ತರ ಹೇಳುತ್ತದೆ? ಮಳಿ ಬಿಟ್ಟದ್ದಕ್ಕೆ ಗುಣವಾಯಿತೋ, ಮುಲಾಮಿಗೆ ಗುಣವಾಯಿತೋ, ತಾನಾಗಿ ಹೋಯಿತೋ, ನಮಗೂ ಗೊತ್ತಿಲ್ಲ. ಬಿಟ್ಟಾಗ ಹೋಗಬೇಕು, ಕೊಟ್ಟಾಗ ಬರಬೇಕು. ಎರಡೂ ಆದರೆ ಮಾತ್ರ ಗೊತ್ತು ಎನ್ನಬಹುದು. ಒಮ್ಮೆ ಅಂದಾಜಿನ ಮೇಲೆ ಖಾತ್ರಿ ಮಾತಾಡಿ ಅವಳ ಮೈ ಕೆಡಿಸಿದ್ದೇನೆ, ಇನ್ನೊಮ್ಮೆ ಮಾಡಲಾರೆ.

ಎರಡೇ ಚಮಚ. ಆದರೆ ಡಾಕ್ಟರು ಒಬ್ಬರು ಹತ್ತಿರ ಇರಬೇಕು. ಮೂಗು, ತುಟಿ ಬಾತು ಉಸಿರು ಕಟ್ಟಿದರೆ ಕೂಡಲೇ ಸೂಜಿ ಹಾಕಬೇಕಾಗುತ್ತದೆ. ಡಾಕ್ಟರಿಲ್ಲದೆ ಕೊಡಬೇಡಿ. ಕುದುರೆ ನಿಮ್ಮದು, ತೀರ್ಮಾನ ನಿಮ್ಮದು.

ಶಾಲನ


ಮಿರಜ
24-8-1978

ಚಿ. ಶಾಲನವ್ವಳಿಗೆ,

ಕಡಲೆಗೂ ಹೊಟ್ಟಿಗೂ ಗಂಧೆ ಏಳಲಿಲ್ಲ. ನಿನ್ನ ಪತ್ರ ತಪಾಸಣೆಯ ಮುಂಚಿನ ದಿನ ಬಂತು. ಓದಿ ಮಡಚಿ ಇಟ್ಟೆ. ಸಿಟ್ಟು ಬಂತು. ಮತ್ತೆ ತೆಗೆದು ಓದಿದೆ. ಡಾಕ್ಟರು ಹತ್ತಿರ ಇರಬೇಕು ಎಂದಿದ್ದೀ. ಇಲ್ಲಿಯವನ ಕೂಡ ಮಾತಿಲ್ಲ. ಮಿರಜಿನಲ್ಲಿ ನನ್ನ ಪಾಲಿಗೆ ಉಳಿದ ಡಾಕ್ಟರೆಂದರೆ ತಪಾಸಣೆಗೆ ಬರುವವರು ಒಬ್ಬರೇ. ಹಾಗಾದರೆ ಅಲ್ಲಿಯೇ ಆಗಲಿ ಎಂದೆ. ಸಾತವ್ವ, “ನಿಮಗ ಹುಚ್ಚ ಹಿಡದೈತಿ. ಬಿಲ್ಲೆ ಕೊಡಾವ್ರ ಮುಂದ ರೋಗ ಎಬ್ಬಸ್ತೀರೇನ?” ಎಂದಳು. ಎಂದವಳೇ ಡಬ್ಬಿ ತೊಳೆದು ಅದರಲ್ಲಿ ಎರಡು ಚಮಚ ಮಳಿ ಹಾಕಿ ಕೊಟ್ಟಳು.

ಬೆಳಿಗ್ಗೆ ಏಳಕ್ಕೆ ತಪಾಸಣೆಯ ಅಂಗಳದಲ್ಲಿ ನಲವತ್ತು ಟಾಂಗಾ. ಡಾಕ್ಟರು ಹೊಸಬರು, ಮರಾಠಿಯವರು, ವಯಸ್ಸು ನಿನ್ನಷ್ಟೇ. ನನ್ನ ಸರದಿ ಬರುವುದಕ್ಕೂ ಸಿದರಾಯ ಒದರಲಿಕ್ಕೂ ಸರಿಹೋಯಿತು. “ಸಾಹೇಬ್ರ, ಆ ಕೆಂಪ ಕುದುರಿ ಚೊಲೋತಂಗ ನೋಡ್ರಿ! ಎರಡ ತಿಂಗಳ ಕಜ್ಜಿ ಇತ್ರಿ ಅದಕ್ಕ. ಏನೋ ಸವರಿ ಮುಚ್ಯಾನ ಮುದುಕ!”

ನೀನು ಬರೆದದ್ದೇ ಮಾತು. ಪದಕ್ಕೆ ಪದ.

ನಾನು ಡಾಕ್ಟರ ಮುಂದೆ ಹೋಗಿ ನಿಂತೆ. ಮರಾಠಿಯಲ್ಲಿ ಹೇಳಿದೆ: “ಮುಚ್ಚಿಲ್ಲ ಸಾಹೇಬ. ಇದಕ್ಕೆ ಮಳಿ ಆಗುವುದಿಲ್ಲ. ನಿಮ್ಮ ಕಣ್ಣ ಮುಂದೆ ತಿನ್ನಿಸುತ್ತೇನೆ. ಸಂಜೆಯೊಳಗೆ ಗಂಧೆ ಏಳದಿದ್ದರೆ ನಾನು ಸುಳ್ಳ, ಬಿಲ್ಲೆ ನೀವೇ ಇಟ್ಟುಕೊಳ್ಳಿ. ಎದ್ದರೆ ಅದು ಕಜ್ಜಿ ಅಲ್ಲ. ಕಜ್ಜಿ ಅರ್ಧ ದಿನದಲ್ಲಿ ಬಂದು ಎರಡು ದಿನದಲ್ಲಿ ಹೋಗುವುದನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?”

ಅವರು ನನ್ನನ್ನು ಮೇಲೆ ಕೆಳಗೆ ನೋಡಿದರು. “ಅಜ್ಜಾ, ಇದನ್ನು ನಿಮಗೆ ಯಾರು ಹೇಳಿಕೊಟ್ಟರು?”

“ನಮ್ಮ ಡಾಕ್ಟರು,” ಎಂದೆ.

ಅವರು ಮೊದಲು ಮೈಯೆಲ್ಲ ತಡವಿ, ಏನೂ ಸವರಿಲ್ಲ, ಒಂದು ಗಂಧೆಯೂ ಇಲ್ಲ ಎಂದು ಬರೆದುಕೊಂಡರು. ಚೀಲದಿಂದ ಸೂಜಿ, ಔಷಧ ತೆಗೆದು ಪಕ್ಕದಲ್ಲಿ ಇಟ್ಟುಕೊಂಡರು. ಆಮೇಲೆ ಕೊಡು ಎಂದರು. ಹೊಟ್ಟಿನಲ್ಲಿ ಮಳಿ ಕಲಸಿ ಕೈಯಲ್ಲಿ ಹಿಡಿದೆ. ಮೈನಾ ನನ್ನ ಕೈ ನೆಕ್ಕಿ ತಿಂದಳು. ಶಾಲನವ್ವ, ತಪ್ಪಾಯಿತವ್ವ ಎಂದು ಅವಳ ಕಿವಿಯಲ್ಲಿ ಹೇಳಿದೆ. ಇದನ್ನು ಯಾರಿಗೂ ಹೇಳಬೇಡ.

“ಮಳಿ ಎಲ್ಲಿಂದ ತಂದಿ?” ಎಂದು ಗುಂಪಿನಲ್ಲಿ ಒಬ್ಬ ಕೇಳಿದ. “ಕೇಳಾವ ಮೊದಲ ತನ್ನ ಕೊಟ್ಟಿಗ್ಯಾಗಿನ ಡಬ್ಬಿ ತಂದು ತೋರಸ್ಲಿ,” ಎಂದೆ. ನಲವತ್ತು ಮಂದಿಯೂ ಆಕಾಶ ನೋಡಿದರು. ಆಕಾಶದಲ್ಲಿ ಬೇರೆ ಮಳಿ ಇತ್ತು.

ಹತ್ತಾಯಿತು, ಏನೂ ಇಲ್ಲ. ಹನ್ನೊಂದಾಯಿತು, ಏನೂ ಇಲ್ಲ. ಸಿದರಾಯ ಬೀಡಿ ಹಚ್ಚಿ, “ಜಟ್ಟೆಪ್ಪಣ್ಣ, ನಾಳಿಂದ ಹಮಾಲಿ ಮಾಡ್ತಿಯೋ, ಇಲ್ಲಾ ಮಚ್ಛರದಾಣಿ ಮಾರ್ತಿಯೋ?” ಎಂದ. ಕುದುರೆಗೆ ಏನೂ ಆಗದಿರಲಿ ಎಂದು ದಿನಾ ಬೇಡುವವನು ನಾನು, ಅವತ್ತು ಗಂಧೆ ಏಳಲಿ ಎಂದು ನಿಂತಿದ್ದೆ.

ಹನ್ನೆರಡೂವರೆಗೆ ಮೈನಾ ಚರ್ಮ ಜಾಡಿಸಿದಳು. ಒಂದಕ್ಕೆ ಕುತ್ತಿಗೆಯ ಎಡಗಡೆ ಒಂದು ಎದ್ದಿತು. ಡಾಕ್ಟರು ಓಡಿ ಬಂದರು. ಎರಡರ ಹೊತ್ತಿಗೆ ಪಕ್ಕೆಯ ಮೇಲೆ ಹದಿನಾರು. ಅವರೇ ಎಣಿಸಿ ಬರೆದರು. ಮೂಗು, ತುಟಿ, ಉಸಿರು ಎಲ್ಲ ನೆಟ್ಟಗೆ. ಸೂಜಿ ಬೇಕಾಗಲಿಲ್ಲ. ಅವರ ಮೋರೆ ಪರೀಕ್ಷೆ ಪಾಸಾದ ಹುಡುಗರ ಹಾಗಾಗಿತ್ತು. ಸಿದರಾಯನ ಬೀಡಿ ಆರಿತ್ತು, ಅವನಿಗೆ ಗೊತ್ತಾಗಿರಲಿಲ್ಲ. ಇಪ್ಪತ್ತಮೂರನೆಯ ತಾರೀಖು ಮತ್ತೆ ಒಯ್ದು ತೋರಿಸಿದೆ. ಮೈ ನುಣ್ಣಗೆ.

ನಾನು ಈಗ ಮೊದಲನೆಯ ಜಾಗದಲ್ಲಿ ನಿಲ್ಲುತ್ತಿದ್ದೇನೆ. ಆದರೆ ಬಿಲ್ಲೆ ಪೂರ್ತಿ ಕೊಟ್ಟಿಲ್ಲ, ಸೆಪ್ಟೆಂಬರ್ ಇಪ್ಪತ್ತರವರೆಗೆ ಮಾತ್ರ. “ಕಾರಣ ಹಿಡಿದ ಡಾಕ್ಟರರ ಕಾಗದ ಬೇಕು. ಅಂಟುರೋಗ ಅಲ್ಲ ಎಂದು ಇರಬೇಕು. ಉಳಿದ ಕುದುರೆಗಳು ಮಳಿ ತಿಂದು ಸುಮ್ಮನಿರುವಾಗ ಇದಕ್ಕೆ ಮಾತ್ರ ಯಾಕೆ ಎಂದೂ ಇರಬೇಕು,” ಎಂದರು. ಕಳಿಸು.

ಜಟ್ಟೆಪ್ಪ


ಮಂಡ್ಯ
31-8-1978

ಜಟ್ಟೆಪ್ಪ ಕಾಕಾ ಅವರಿಗೆ ನಮಸ್ಕಾರಗಳು.

ಪತ್ರವನ್ನು ನಾಲ್ಕು ಸಲ ಓದಿದೆ. ಹದಿನಾರು ಎಂಬಲ್ಲಿ ಪ್ರತಿ ಸಲವೂ ನಿಂತೆ.

ಅವರು ಕೇಳಿದ ಕಾಗದ ಜೊತೆಗಿದೆ. ಇವಳಿಗೆ ಮಾತ್ರ ಯಾಕೆ ಎನ್ನುವುದಕ್ಕೆ ಉತ್ತರ ಸರಳ. ಒಂದೇ ಮನೆಯಲ್ಲಿ ಬದನೆಕಾಯಿ ತಿಂದು ಒಬ್ಬರಿಗೆ ಗಂಧೆ ಏಳುತ್ತದೆ, ಪಕ್ಕದಲ್ಲಿ ಕುಳಿತು ಉಂಡವರಿಗೆ ಏಳುವುದಿಲ್ಲ. ಕೆಟ್ಟದ್ದು ಬದನೆಕಾಯಿಯಲ್ಲ, ಆ ಒಂದು ಮೈಗೆ ಅದು ಆಗದು, ಅಷ್ಟೇ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಮೈನಾ ಬದುಕಿರುವವರೆಗೆ ಮಳಿ, ಮಳಿ ಹಾಕಿದ ಮೇವು ಮುಟ್ಟಿಸಬೇಡಿ.

ಕಾಗದ ಬರೆದವಳು ನಾನು. ಕೆಳಗಿನ ಸಹಿ, ಮೊಹರು ನಮ್ಮ ಹಿರಿಯ ಡಾಕ್ಟರರದು. ಅವರು ಇಪ್ಪತ್ತು ವರ್ಷದ ಅನುಭವದವರು. ಕುದುರೆಯ ವಿಷಯದಲ್ಲಿ ಒಬ್ಬ ಹೆಣ್ಣುಮಗಳ ಸಹಿ, ಅದೂ ಪರರಾಜ್ಯದ್ದು, ಅಲ್ಲಿ ನಡೆಯದೆ ಹೋದರೆ ನಿಮ್ಮ ಬಿಲ್ಲೆಗೆ ತೊಂದರೆ. ಅವರ ಹೆಸರಿದ್ದರೆ ಯಾರೂ ಪ್ರಶ್ನೆ ಎತ್ತುವುದಿಲ್ಲ.

ನಿಮ್ಮ
ಶಾಲನ


ಮಿರಜ
6-9-1978

ಚಿ. ಶಾಲನವ್ವಳಿಗೆ,

ಕಾಗದ ವಾಪಸ್ ಕಳಿಸಿದ್ದೇನೆ. ಒಳಗೆ ಇದೆ, ನೋಡಿಕೋ.

ಈ ಮೊಹರಿನವರು ಯಾರು? ಮೈನಾಳ ಹೆಸರು ಇವರಿಗೆ ಗೊತ್ತೇ? ನುಸಿ ಎಂದು ತಪ್ಪು ಬರೆದವಳು ನೀನು. ತಪ್ಪು ಎಂದು ಒಪ್ಪಿದವಳು ನೀನು. ಡಬ್ಬಿ ಎಂಬ ಒಂದು ಮಾತಿನಿಂದ ಕಾರಣ ಹಿಡಿದವಳು ನೀನು. ನಾನು ಬೇಡ ಎಂದಾಗ ಮತ್ತೆ ಕೊಡು ಎಂದು ಹಟ ಹಿಡಿದವಳೂ ನೀನೇ. ಸಹಿ ಹಾಕುವಾಗ ಮಾತ್ರ ಇಪ್ಪತ್ತು ವರ್ಷದ ಅನುಭವದವರು ಬಂದರೇ?

ಇಲ್ಲಿ ಬಿಲ್ಲೆ ಕೊಡುವ ಡಾಕ್ಟರು ಕೇಳಿದ್ದು ಕಾರಣ ಹಿಡಿದವರ ಕಾಗದ. ನಾನು ನಲವತ್ತು ಮಂದಿಯ ಮುಂದೆ ನಮ್ಮ ಡಾಕ್ಟರು ಎಂದಿದ್ದೇನೆ. ಸುಳ್ಳ ಎಂದು ಅನ್ನಿಸಿಕೊಳ್ಳಲಿಕ್ಕೆ ಟಾಂಗಾ ಹೂಡಿಲ್ಲ. ಹೆಂಗಸಿನ ಸಹಿ ನಡೆಯುವುದಿಲ್ಲ ಎಂದು ಅವರೇನಾದರೂ ಅಂದರೆ ಅದನ್ನು ನಾನು ನೋಡಿಕೊಳ್ಳುತ್ತೇನೆ. ಜಗಳ ಮಾಡುವುದು ನನಗೆ ಬರುತ್ತದೆ. ಬರೆಯುವುದೊಂದು ಬರುವುದಿಲ್ಲ.

ಹೊಸ ಕಾಗದ ಬರೆ. ಕೆಳಗೆ ನಿನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ನಿನ್ನ ಡಿಗ್ರಿ. ಸಹಿ ನಿನ್ನದೇ. ಸಿದರಾಯ ನಿನ್ನೆ ಬಂದು ತನ್ನ ಕುದುರೆಯ ಕಿವಿಯ ಹಿಂದೆ ಏನೋ ಎದ್ದಿದೆ, ನಿಮ್ಮ ಡಾಕ್ಟರನ್ನು ಕೇಳು ಎಂದ. ಅವನ ಕೂಡ ನಾನು ಇನ್ನೂ ಮಾತಾಡುವುದಿಲ್ಲ, ಆದರೆ ಕುದುರೆಯ ತಪ್ಪಿಲ್ಲ. ಅದಕ್ಕೆ ಏನೇನು ಕೇಳಬೇಕೋ ಅದನ್ನೂ ಬೇರೆ ಹಾಳೆಯ ಮೇಲೆ ಬರೆ.

ಹದಿನಾರನೆಯ ತಾರೀಖಿನ ಒಳಗೆ ಉತ್ತರ ನನ್ನ ಕೈಯಲ್ಲಿ ಇರಬೇಕು.

ಜಟ್ಟೆಪ್ಪ